ಫ್ಲಶ್ ಟ್ಯಾಂಕಿನ ಕನೆಕ್ಷನ್ ಪೈಪು ನಾನೇ ಹಾಕ್ದೆ

ಕೆಳಗಿನ ಮನೆ ಆಂಟಿ ಬೆಲ್ ಮಾಡಿ "ನಮ್ಮ ಬಾತ್‌ರೂಮ್ ಸೀಲಿಂಗ್ ಒದ್ದೆ ಆಗ್ತಿದೆ ನೋಡಪ್ಪಾ" ಅಂದಾಗ್ಲೇ ನಮಗೆ ಗೊತ್ತಾಗಿದ್ದು. ನಮ್ಮ ಬಾತ್‌ರೂಮ್ ನೆಲ ಯಾವಾಗ್ಲೂ ಒದ್ದೆನೇ, ಯಾರು ಗಮನಿಸ್ತಾರೆ. ಟಾರ್ಚ್ ಹಿಡ್ಕೊಂಡು ಕಮೋಡ್ ಹಿಂದೆ ಬಗ್ಗಿದ್ರೆ, ಗೋಡೇಲಿರೋ ಸಣ್ಣ ನಲ್ಲಿ, ಅಂದ್ರೆ ಆಂಗಲ್ ಕಾಕ್‌ನಿಂದ ಫ್ಲಶ್ ಟ್ಯಾಂಕಿಗೆ ಹೋಗೋ ಬಿಳಿ ಪ್ಲಾಸ್ಟಿಕ್ ಪೈಪು ಹಳದಿ ತಿರುಗಿದೆ, ಮೇಲಿನ ನಟ್‌ನಲ್ಲಿ ಕೂದಲೆಳೆಯಷ್ಟು ಸೀಳು, ಸುತ್ತ ಬೋರ್ ನೀರಿನ ಬಿಳಿ ಉಪ್ಪು, ಅಲ್ಲಿಂದ ಒಂದೊಂದೇ ಹನಿ.

ಪ್ಲಂಬರ್ ಎರಡು ದಿನ "ಈಗ ಬಂದೆ ಸಾರ್" ಅಂತ್ಲೇ ಇದ್ದ. ಭಾನುವಾರ ನಾನೇ ಕೈ ಹಾಕ್ದೆ.

ಹಾರ್ಡ್‌ವೇರ್ ಅಂಗಡೀಲಿ "ಎಷ್ಟು ಇಂಚು?" ಅಂದಾಗ ಬಾಯಿಗೆ ಬಂದಂಗೆ 18 ಅಂದ್ಬಿಟ್ಟೆ. ಮನೇಲಿ ಇಟ್ಟು ನೋಡಿದ್ರೆ ಮುಟ್ಟತ್ತೆ, ಆದ್ರೆ ಬಟ್ಟೆ ಒಣಹಾಕೋ ತಂತಿ ಥರ ಬಿಗಿ, ಹಂಗೇ ಹಾಕಿದ್ರೆ ನಟ್ ಮೇಲೆ ಸದಾ ಎಳೆತ. ವಾಪಸ್ ಹೋಗಿ 24 ತಂದೆ, ಸಣ್ಣಗೆ ಬಾಗಿ ನಿಲ್ತು. ಮೊದ್ಲೇ ಒಂದು ದಾರ ಹಿಡಿದು ಅಳೀಬಹುದಿತ್ತು. ಎರಡೂ ಕಡೆ ಅರ್ಧ ಇಂಚಿನ ನಟ್ಟೇ, ಅದರಲ್ಲಿ ಗೊಂದಲ ಇಲ್ಲ. ಈ ಸಲ ಸ್ಟೀಲ್ ಹೆಣಿಗೆದು ತಗೊಂಡೆ, 304 ಸ್ಟೀಲು (ಸುಲಭಕ್ಕೆ ತುಕ್ಕು ಹಿಡಿಯದ ಸ್ಟೇನ್‌ಲೆಸ್ ಸ್ಟೀಲು), ಹಿತ್ತಾಳೆ ನಟ್ಟು, ಒಳಗೆ ರಬ್ಬರ್ ಟ್ಯೂಬು. ಆದ್ರೆ ಟೈಲ್ಸ್ ತೊಳೆಯೋಕೆ ಆಸಿಡ್ ಹಾಕೋ ಮನೇಲಿ ಇದಕ್ಕೂ ಗ್ಯಾರಂಟಿ ಇಲ್ಲ, ಆ ಹೊಗೆಗೆ ತುಕ್ಕು ಹಿಡಿದು ತಂತಿ ಒಂದೊಂದೇ ತುಂಡಾಗತ್ತೆ, ಆಮೇಲೆ ರಬ್ಬರ್ ಉಬ್ಬಿ ಒಡೆಯತ್ತೆ. ಆವತ್ತಿಂದ ನಮ್ಮನೇಲಿ ಆಸಿಡ್ ಬಂದ್.

ಆಂಗಲ್ ಕಾಕ್ ತಿರುಗಿಸಿದ್ರೆ ಉಪ್ಪು ಕಟ್ಟಿ ಜಾಮ್, ಜಾಸ್ತಿ ಒತ್ತಿದ್ರೆ ಮುರಿಯತ್ತೇನೋ ಅಂತ ಹೆದರಿ ಟೆರೇಸ್‌ಗೆ ಹೋಗಿ ನಮ್ಮ ಲೈನಿನ ವಾಲ್ವೇ ಮುಚ್ಚಿ ಬಂದೆ. ಫ್ಲಶ್ ಮಾಡಿ ಟ್ಯಾಂಕ್ ಖಾಲಿ ಮಾಡಿ, ಕೆಳಗೆ ಒಂದು ಮಗ್ ಇಟ್ಟೆ. ಕೆಳಗಿನ ನಟ್ ಬಿಚ್ಚುವಾಗ ಇನ್ನೊಂದು ಸ್ಪ್ಯಾನರ್‌ನಲ್ಲಿ ಆಂಗಲ್ ಕಾಕನ್ನ ಅಲ್ಲಾಡದಂಗೆ ಹಿಡ್ಕೋಬೇಕು, ಇಲ್ದಿದ್ರೆ ಗೋಡೆ ಒಳಗಿನ ಥ್ರೆಡ್ಡು ತಿರುಗಿ ಹೊಸ ಲೀಕ್ ಶುರು. ಮೇಲಿಂದಕ್ಕೆ ನಮ್ಮನೆಯವಳು ಟ್ಯಾಂಕ್ ಮುಚ್ಚಳ ತೆಗೆದು ಒಳಗಿನ ಫ್ಲೋಟ್ ವಾಲ್ವ್ (ಟ್ಯಾಂಕ್ ತುಂಬಿದಾಗ ನೀರು ನಿಲ್ಲಿಸೋದು) ಹಿಡ್ಕೊಂಡ್ಲು, ಯಾಕಂದ್ರೆ ನಟ್ ಜೊತೆ ಅದೂ ಸುತ್ತತಿತ್ತು. ಹಳೇ ನಟ್ ಕೈಗೇ ಚೂರಾಗಿ ಬಂತು.

ಹೊಸದಕ್ಕೆ ಟೆಫ್ಲಾನ್ ಟೇಪ್ (ಥ್ರೆಡ್ಡಿಗೆ ಸುತ್ತೋ ತೆಳು ಬಿಳಿ ಟೇಪು) ದಂಡಿಯಾಗಿ ಸುತ್ತಿ ಟೈಟ್ ಮಾಡ್ದೆ, ಮತ್ತೂ ಹನಿ! ಬಿಚ್ಚಿ ನೋಡಿದ್ರೆ ನಟ್ ಒಳಗಿನ ರಬ್ಬರ್ ವಾಷರ್ ಸೊಟ್ಟಗೆ ಕೂತಿದೆ. ಇಲ್ಲಿ ನೀರು ತಡೆಯೋದೇ ವಾಷರ್ರು, ಟೇಪಿಗೆ ಇಲ್ಲಿ ಕೆಲಸವೇ ಇಲ್ಲ, ಅದು ಬೇಕಾಗೋದು ಆಂಗಲ್ ಕಾಕ್ ಗೋಡೆಗೆ ಸೇರೋ ಕಡೆ. ಟೇಪ್ ಕಿತ್ತು, ವಾಷರ್ ಸಪಾಟಾಗಿ ಕೂರಿಸಿ, ಕೈಯಲ್ಲಿ ಆಗೋಷ್ಟು ತಿರುಗಿಸಿ ಸ್ಪ್ಯಾನರ್‌ನಲ್ಲಿ ಕಾಲು ಸುತ್ತು ಅಷ್ಟೇ. ಟ್ಯಾಂಕಿನ ಕಡೆ ಥ್ರೆಡ್ಡು ಪ್ಲಾಸ್ಟಿಕ್‌ದು, ಶಕ್ತಿ ತೋರ್ಸಿದ್ರೆ ಅದೇ ಸೀಳತ್ತೆ.

ವಾಲ್ವ್ ಬಿಟ್ಟು, ನಟ್‌ಗಳ ಕೆಳಗೆ ಪೇಪರ್ ಚೂರು ಸಿಕ್ಕಿಸಿ ಮಲಗ್ದೆ. ಬೆಳಗ್ಗೆ ಗರಿಗರಿ ಒಣಗೇ ಇತ್ತು. ಆಂಟಿ ಸೀಲಿಂಗ್ ಮಾತ್ರ ಇನ್ನೂ ಆರಿಲ್ಲ, ಪೇಂಟ್ ಖರ್ಚಿನ ಮಾತು ಅವರೂ ಎತ್ತಿಲ್ಲ, ನಾನೂ ಎತ್ತಿಲ್ಲ.