ಕರಿದ ಎಣ್ಣೆ, ಹೊಂಗೆ ಎಣ್ಣೆಯಲ್ಲಿ ನಮ್ಮ ತೋಟದ ಜನರೇಟರ್: ನನ್ನ ಅನುಭವ

ವಿಜಯಪುರದಿಂದ ತಿಕೋಟಾ ಕಡೆಗೆ ನಮ್ಮ ತೋಟದ ವಸ್ತಿ ಇದೆ. ತ್ರೀಫೇಸ್ ಕರೆಂಟ್ ಬರುವುದು ಪಾಳಿಯ ಮೇಲೆ. ಮೇವು ಕತ್ತರಿಸಬೇಕು, ಎಮ್ಮೆಗಳಿಗೆ ನೀರು ಏರಿಸಬೇಕು ಅನ್ನುವ ಹೊತ್ತಿಗೆ ಅದು ಇರುವುದೇ ಅಪರೂಪ. ಮನೆಯಲ್ಲಿ 8 ಎಚ್‌ಪಿಯ ಹಳೆಯ ಡೀಸೆಲ್ ಇಂಜಿನ್ ಇತ್ತು. ಇಂಗ್ಲೆಂಡಿನ ಲಿಸ್ಟರ್ ಕಂಪನಿಯ ಮಾದರಿಯದು, ಒಂದೇ ಸಿಲಿಂಡರ್, ನೀರಿನಿಂದ ತಣ್ಣಗಾಗುವಂಥದ್ದು. ಒಂದು ಕಾಲಕ್ಕೆ ಬಾವಿ ನೀರು ಎತ್ತುತ್ತಿತ್ತು. ಅದಕ್ಕೆ ಬೆಲ್ಟ್ ಹಾಕಿ ಕರೆಂಟ್ ತಯಾರಿಸುವ 5 ಕೆವಿಎ ಆಲ್ಟರ್ನೇಟರ್ ಕೂಡಿಸಿದೆ. ಈಗ ಅದು ಬಹುಪಾಲು ಎಣ್ಣೆಯಲ್ಲೇ ಓಡುತ್ತದೆ.

ಇದೇನು ಹೊಸ ವಿಚಾರ ಅಲ್ಲ. 1900ರ ಪ್ಯಾರಿಸ್ ವಸ್ತುಪ್ರದರ್ಶನದಲ್ಲೇ ಒಂದು ಡೀಸೆಲ್ ಇಂಜಿನ್ ಶೇಂಗಾ ಎಣ್ಣೆಯಲ್ಲಿ ಓಡಿತ್ತು. ನಮ್ಮ ರಾಜ್ಯದಲ್ಲೇ, ಭಾರತೀಯ ವಿಜ್ಞಾನ ಸಂಸ್ಥೆಯ ಉಡುಪಿ ಶ್ರೀನಿವಾಸ ಅವರು ಹೊಂಗೆ ಎಣ್ಣೆಯಿಂದ ಜನರೇಟರ್ ಓಡಿಸಿ ಹಳ್ಳಿಗೆ ಕರೆಂಟ್ ಕೊಟ್ಟು ತೋರಿಸಿದ್ದರು. ಅದನ್ನು ತಿಳಿದ ಮೇಲೆ ನನಗೆ ಧೈರ್ಯ ಬಂತು.

ನಮ್ಮ ಮಿಸ್ತ್ರಿ ಮಾತ್ರ ಒಪ್ಪಲಿಲ್ಲ. "ಕಾಕಾರ, ಎಣ್ಣಿ ಹಾಕಿದ್ರ ರಿಂಗ್ ಹಿಡಕೋತಾವ ನೋಡ್ರಿ" ಅಂದ. ಅವನು ಹೇಳಿದ್ದು ಸುಳ್ಳಲ್ಲ. ತಣ್ಣಗಿನ ಎಣ್ಣೆಯನ್ನು ಸುಮ್ನೆ ಟ್ಯಾಂಕಿಗೆ ಸುರಿದರೆ ಹಾಗೇ ಆಗುತ್ತದೆ. ಎಣ್ಣೆ ಡೀಸೆಲ್‌ಗಿಂತ ಸುಮಾರು ಹತ್ತು ಪಟ್ಟು ಮಂದ. ಸಿಲಿಂಡರ್ ಒಳಗೆ ಇಂಧನ ಸಿಂಪಡಿಸುವ ನಾಝಲ್‌ನಿಂದ ಸಣ್ಣ ಹನಿಯಾಗಿ ಸಿಡಿಯುವುದಿಲ್ಲ. ಅರ್ಧ ಉರಿದು, ಉಳಿದದ್ದು ನಾಝಲ್ ತುದಿಯಲ್ಲಿ, ಪಿಸ್ಟನ್ ರಿಂಗ್‌ಗಳಲ್ಲಿ ಇದ್ದಿಲಾಗಿ ಕೂರುತ್ತದೆ.

ಹಾಗಾಗಿ ಎಲ್ಲಕ್ಕಿಂತ ಮುಖ್ಯ, ಎಣ್ಣೆಯನ್ನು ಬಿಸಿ ಮಾಡುವುದು. ನಾನು ಎರಡು ಟ್ಯಾಂಕ್ ಇಟ್ಟಿದ್ದೇನೆ. ಒಂದರಲ್ಲಿ ಡೀಸೆಲ್, ಇನ್ನೊಂದರಲ್ಲಿ ಎಣ್ಣೆ, ನಡುವೆ ಮೂರು ದಾರಿಯ ವಾಲ್ವ್. ಇಂಜಿನ್‌ನಿಂದ ಬರುವ ಬಿಸಿನೀರನ್ನು ಎಣ್ಣೆ ಟ್ಯಾಂಕಿನೊಳಗಿನ ಸ್ಟೀಲ್ ಪೈಪಿನಲ್ಲಿ ಸುತ್ತಿಸಿದ್ದೇನೆ. ತಾಮ್ರದ ಪೈಪು ಬೇಡ. ತಾಮ್ರ ತಾಗಿದರೆ ಎಣ್ಣೆ ಬೇಗ ಕೆಡುತ್ತದೆ. ಯಾವಾಗಲೂ ಡೀಸೆಲ್‌ನಲ್ಲೇ ಚಾಲೂ ಮಾಡುತ್ತೇನೆ. ಎಣ್ಣೆ 70 ಡಿಗ್ರಿ ದಾಟಿದ ಮೇಲೆ ವಾಲ್ವ್ ತಿರುಗಿಸುತ್ತೇನೆ. ಬಂದ್ ಮಾಡುವ ಮುಂಚೆ ಮತ್ತೆ ಡೀಸೆಲ್‌ಗೆ ತಂದು, ಪಂಪು ಮತ್ತು ನಾಝಲ್‌ನಲ್ಲಿ ಉಳಿದ ಎಣ್ಣೆ ತೊಳೆದು ಹೋಗುವವರೆಗೆ ಓಡಿಸುತ್ತೇನೆ. ಇಲ್ಲದಿದ್ದರೆ ಮರುದಿನ ಬೆಳಿಗ್ಗೆ ಹ್ಯಾಂಡಲ್ ತಿರುಗಿಸಿ ತಿರುಗಿಸಿ ತೋಳು ಸೋಲುತ್ತವೆ.

ಎರಡನೆಯದು ಲೋಡ್, ಅಂದರೆ ಜನರೇಟರ್ ಮೇಲೆ ಬೀಳುವ ಕೆಲಸದ ಹೊರೆ. ಇದನ್ನು ಜನ ಅಷ್ಟಾಗಿ ಲೆಕ್ಕಕ್ಕೆ ತಗೊಳ್ಳುವುದಿಲ್ಲ. ಎರಡು ಬಲ್ಬಿಗೆ, ಒಂದು ಟಿವಿಗೆ ಎಣ್ಣೆಯಲ್ಲಿ ಜನರೇಟರ್ ಓಡಿಸಬಾರದು. ಸಿಲಿಂಡರ್ ಸಾಕಷ್ಟು ಕಾಯುವುದಿಲ್ಲ. ಉರಿಯದ ಎಣ್ಣೆ ರಿಂಗ್ ದಾಟಿ ಕೆಳಗಿನ ಇಂಜಿನ್ ಆಯಿಲ್‌ಗೆ ಸೇರಿ ಅದನ್ನು ಅಂಟು ಮಾಡುತ್ತದೆ. ನಾನು ಮೇವಿನ ಯಂತ್ರದ 2 ಎಚ್‌ಪಿ ಮೋಟಾರನ್ನು ಮೊದಲು ಹಾಕುತ್ತೇನೆ. ಅದು ಸರಿಯಾಗಿ ತಿರುಗಿದ ಮೇಲೆ ನೀರಿನ 1 ಎಚ್‌ಪಿ ಮೋಟಾರು. ಇಷ್ಟಾದರೆ ಲೋಡ್ ಮುಕ್ಕಾಲಿನ ಹತ್ತಿರ ಬರುತ್ತದೆ, ಹೊಗೆಯೂ ತಿಳಿಯಾಗುತ್ತದೆ. ಇಷ್ಟು ಜೋಪಾನ ಮಾಡಿದರೂ ಇಂಜಿನ್ ಆಯಿಲನ್ನು ಕಂಪನಿ ಹೇಳಿದ ಅವಧಿಯ ಅರ್ಧಕ್ಕೇ ಬದಲಿಸುತ್ತೇನೆ. ಈ ಖರ್ಚು ಉಳಿಸಲು ಹೋಗಬೇಡಿ.

ಇನ್ನು ಯಾವ ಎಣ್ಣೆ? ನಮ್ಮ ಭಾಗದವರಿಗೆ ಮೊದಲು ನೆನಪಾಗುವುದು ಕುಸುಬಿ. ಊಟಕ್ಕೆ ಅದರಷ್ಟು ಒಳ್ಳೆಯ ಎಣ್ಣೆ ಇಲ್ಲ ಅನ್ನುವವನು ನಾನು. ಇಂಜಿನ್‌ಗೆ ಮಾತ್ರ ಅದು ಆಗಿಬರುವುದಿಲ್ಲ. ಕುಸುಬಿ ಎಣ್ಣೆ ಗಾಳಿಗೆ ಒಣಗಿ ಪದರ ಕಟ್ಟುವ ಜಾತಿಯದು. ಎಣ್ಣೆ ಡಬ್ಬಿಯ ಹೊರಮೈ ಅಂಟಂಟಾಗಿರುತ್ತದೆ ಅಲ್ವಾ, ಅದೇ ಪದರ ಇಂಜಿನ್ ಒಳಗೂ ಕಟ್ಟುತ್ತದೆ. ಶೇಂಗಾ, ಹೊಂಗೆ, ಪಾಮ್ ಎಣ್ಣೆಗಳಲ್ಲಿ ಆ ಗುಣ ಕಡಿಮೆ.

ನಾನು ಹೆಚ್ಚಾಗಿ ಬಳಸುವುದು ಮಿರ್ಚಿ ಭಜಿ ಅಂಗಡಿ, ಖಾನಾವಳಿಗಳ ಕರಿದ ಎಣ್ಣೆ. ಎಣ್ಣೆ ಎಷ್ಟರ ಮಟ್ಟಿಗೆ ಕೆಟ್ಟರೆ ಅಡುಗೆಗೆ ಬಳಸಬಾರದು ಎಂಬ ನಿಯಮ 2018ರಿಂದ ಜಾರಿಯಲ್ಲಿದೆ. ಅಂಥ ಎಣ್ಣೆ ಮತ್ತೆ ಬಾಣಲೆಗೆ ಹೋಗಿ ಯಾರದೋ ಹೊಟ್ಟೆ ಸೇರುವ ಬದಲು ಇಂಜಿನ್‌ನಲ್ಲಿ ಉರಿಯಲಿ ಎಂಬುದು ನನ್ನ ಆಸೆ. ಅದನ್ನು ಡ್ರಮ್ಮಿನಲ್ಲಿ ಒಂದು ವಾರ ಅಲುಗಾಡಿಸದೆ ಬಿಡುತ್ತೇನೆ. ತಳದ ಗಷ್ಟು ಬಿಟ್ಟು ಮೇಲಿನದನ್ನು ತೆಗೆದು ಬಟ್ಟೆಯಲ್ಲಿ ಸೋಸುತ್ತೇನೆ, ಆಮೇಲೆ ಕಣ್ಣಿಗೆ ಕಾಣದ ಕಸವನ್ನೂ ಹಿಡಿಯುವ 5 ಮೈಕ್ರಾನ್ ಫಿಲ್ಟರ್. ಕಾದ ತವೆಯ ಮೇಲೆ ಒಂದು ಹನಿ ಹಾಕಿದಾಗ ಚಟಪಟ ಅಂದರೆ ನೀರಿನಂಶ ಇದೆ ಎಂದರ್ಥ. ನೀರು ಪಂಪನ್ನು ತಿನ್ನುತ್ತದೆ. ಅಂಥ ಎಣ್ಣೆಯನ್ನು ಮತ್ತೆ ಕಾಯಿಸಿ ನೀರು ಆರಿಸಬೇಕು. ಚಳಿಗಾಲದ ಬೆಳಿಗ್ಗೆ ಕರಿದ ಎಣ್ಣೆ ಹರಳುಗಟ್ಟುವುದುಂಟು. ಆಗ ಡ್ರಮ್ಮನ್ನು ಬಿಸಿಲಿಗೆ ಇಟ್ಟರಾಯಿತು.

ಬದುವಿನ ಹೊಂಗೆ ಗಿಡಗಳಿಂದ ಬೇಸಿಗೆಯಲ್ಲಿ ಕಾಯಿ ಆರಿಸುತ್ತೇವೆ. ಒಂದು ಲೀಟರ್ ಎಣ್ಣೆಗೆ ಸುಮಾರು 4 ಕಿಲೋ ಬೀಜ ಬೇಕು. ಹಿಂಡಿ ಹೊಲಕ್ಕೆ ಗೊಬ್ಬರ. ದನಗಳಿಗೆ ಹಾಕಬಾರದು.

ಲೆಕ್ಕ ಹೀಗಿದೆ. ಒಂದು ಲೀಟರ್ ಎಣ್ಣೆಗೆ ಸುಮಾರು ಎರಡೂವರೆ ಯೂನಿಟ್ ಸಿಗುತ್ತದೆ. ಅಂಗಡಿಯ ಹೊಸ ಎಣ್ಣೆ ಸುರಿದರೆ ಯೂನಿಟ್ಟಿಗೆ 40 ರೂಪಾಯಿ ದಾಟುತ್ತದೆ, ಅದು ಯಾರಿಗೂ ಗಿಟ್ಟುವುದಿಲ್ಲ. ಕರಿದ ಎಣ್ಣೆ ಅಗ್ಗಕ್ಕೆ ಸಿಗುವವರು, ಸ್ವಂತ ಹೊಂಗೆ ಇರುವವರು ಮಾತ್ರ ಇದಕ್ಕೆ ಇಳಿಯಬೇಕು. ಹಗಲಿನ ಕೆಲಸಕ್ಕೆ ಸೋಲಾರ್ ಹಾಕಿಸಲು ಹಣ ಇದ್ದವರಿಗೆ ನಾನು ಅದನ್ನೇ ಹೇಳುತ್ತೇನೆ.

ವೈರಿಂಗ್ ಮಾಡಿಸುವಾಗ, ಒಂದು ಸಲಕ್ಕೆ ಲೈನ್ ಅಥವಾ ಜನರೇಟರ್ ಒಂದನ್ನೇ ಜೋಡಿಸುವ ಚೇಂಜ್‌ಓವರ್ ಸ್ವಿಚ್ ಇಲ್ಲದೆ ಮನೆಯ ಲೈನಿಗೆ ಜನರೇಟರ್ ಜೋಡಿಸಲೇಬೇಡಿ. ನಮ್ಮ ಕರೆಂಟ್ ಹಿಂದಕ್ಕೆ ಹರಿದರೆ, ಲೈನ್ ಬಂದ್ ಇದೆ ಎಂದು ನಂಬಿ ಕಂಬ ಹತ್ತಿದ ಲೈನ್‌ಮನ್ ಜೀವಕ್ಕೆ ಅಪಾಯ. ಇಂಜಿನ್ನನ್ನು ಮುಚ್ಚಿದ ಕೋಣೆಯಲ್ಲೂ ಇಡಬೇಡಿ. ನಮ್ಮದು ಮೂರು ಕಡೆ ತೆರೆದ ತಗಡಿನ ಶೆಡ್ಡು, ಮನೆಯಿಂದ ದೂರದಲ್ಲಿದೆ.