ಮನೆಯವಳು ಕೊನೆಗೆ ಉಣ್ಣುವ ಮನೆಯಲ್ಲಿ: ನನ್ನ ಅನುಭವ

ನಮ್ಮದು ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಬಳಿಯ ಅಡಿಕೆ ತೋಟದ ಮನೆ. ಹೆಂಡತಿಯ ತವರು ಗಡಿಯಾಚೆ, ಪುತ್ತೂರಿನ ಕಡೆ. ಮದುವೆಯಾದ ಆರನೆಯ ವರ್ಷದಲ್ಲಿ ಅವಳಿಗೆ ಬುಲಿಮಿಯಾ ಎಂಬ ಕಾಯಿಲೆ ಇದೆಯೆಂದು ತಿಳಿಯಿತು. ಅದು ಶುರುವಾದದ್ದು ಮಾತ್ರ ಅದಕ್ಕೂ ಮೂರು ವರ್ಷ ಮೊದಲು, ಮಗಳು ಹುಟ್ಟಿದ ಮೇಲೆ ಮೈ ಇಳಿಸಬೇಕೆಂದು ಅವಳು ಒಪ್ಪೊತ್ತು ಹಿಡಿದಾಗ. ಹಗಲಿಡೀ ಹಸಿದಿದ್ದು, ರಾತ್ರಿ ಎಲ್ಲರೂ ಮಲಗಿದ ಮೇಲೆ ಉಗ್ರಾಣದಲ್ಲಿ ಕುಳಿತು ಅವಲಕ್ಕಿ, ಬೆಲ್ಲ, ಬಾಳೆಹಣ್ಣು ಎಂದು ಕೈಗೆ ಸಿಕ್ಕಿದ್ದನ್ನೆಲ್ಲ ತಡೆಯಲಾರದೆ ತಿಂದು, ಆಮೇಲೆ ಬಚ್ಚಲಿಗೆ ಹೋಗಿ ಗಂಟಲಿಗೆ ಬೆರಳು ಹಾಕಿ ವಾಂತಿ ಮಾಡಿಕೊಳ್ಳುವುದು ಅವಳ ನಿತ್ಯದ ಪಾಡಾಗಿತ್ತು.

ಒಂದೇ ಸೂರಿನಡಿ ಇದ್ದವನಿಗೆ ಅಷ್ಟು ಕಾಲ ಹೇಗೆ ತಿಳಿಯಲಿಲ್ಲ ಎಂದು ಕೇಳುವವರಿದ್ದಾರೆ. ಹೆಂಗಸರು ಎಲ್ಲರಿಗೂ ಬಡಿಸಿ ಕೊನೆಗೆ ಉಣ್ಣುವ ಮನೆ ನಮ್ಮದು; ಅವಳು ಎಷ್ಟು ಉಂಡಳು, ಉಂಡಳೋ ಇಲ್ಲವೋ ಎಂಬುದನ್ನು ನೋಡುವವರೇ ಇರಲಿಲ್ಲ. ಏಕಾದಶಿ, ಸಂಕಷ್ಟಿ, ಸೋಮವಾರ ಎಂದರೆ ಮತ್ತೆ ಯಾರೂ ಪ್ರಶ್ನಿಸುತ್ತಿರಲಿಲ್ಲ, ಸೊಸೆಯ ವ್ರತನಿಷ್ಠೆ ಅಮ್ಮನಿಗೆ ಹೆಮ್ಮೆಯ ವಿಷಯವೂ ಆಗಿತ್ತು. ಈ ಕಾಯಿಲೆಯಲ್ಲಿ ತೂಕ ಬಹಳವಾಗಿ ಇಳಿಯದೆಯೂ ಇರಬಹುದಾದ್ದರಿಂದ ಕಣ್ಣಿಗೂ ಏನೂ ಕಾಣಿಸಲಿಲ್ಲ.

ಒಮ್ಮೆ ತಲೆ ತಿರುಗಿ ಬಿದ್ದಾಗ ಹತ್ತಿರದ ಆಸ್ಪತ್ರೆಗೆ ಕರೆದೊಯ್ದಿದ್ದೆ. ಅಲ್ಲಿಯ ವೈದ್ಯರು ಮಾತನಾಡಿದ್ದು ಮಲಯಾಳದಲ್ಲಿ. ಅವಳಿಗೆ ಆ ಭಾಷೆ ಬಾರದ್ದರಿಂದ ನಾನೇ ನಡುವೆ ಕುಳಿತು ಎರಡೂ ಕಡೆಯ ಮಾತನ್ನು ದಾಟಿಸಿದೆ. ಗಂಡನಿಂದ ಮುಚ್ಚಿಟ್ಟ ಸಂಗತಿಯನ್ನು ಗಂಡನ ಬಾಯಿಯಿಂದಲೇ ವೈದ್ಯರಿಗೆ ಹೇಳಿಸುವುದು ಅವಳಿಂದ ಹೇಗೆ ಸಾಧ್ಯವಿತ್ತು? ಗುಟ್ಟು ಹೊರಬಿದ್ದದ್ದು ಮುಂದೆ, ಮಂಗಳೂರಿನ ದಂತವೈದ್ಯೆಯೊಬ್ಬರ ಬಳಿ. ಮೇಲಿನ ಮುಂಭಾಗದ ಹಲ್ಲುಗಳು ಒಳಬದಿಯಲ್ಲಿ ಆಮ್ಲದಿಂದ ಸವೆದಿರುವುದನ್ನು ಕಂಡ ಅವರು ನನ್ನನ್ನು ಹೊರಗೆ ಕೂರಿಸಿ, ಅವಳೊಬ್ಬಳೊಡನೆ ಕನ್ನಡದಲ್ಲಿ ಮುಕ್ಕಾಲು ಗಂಟೆ ಮಾತನಾಡಿದರು.

ತಿಳಿದ ಮೇಲಿನ ಮೊದಲ ಆರು ತಿಂಗಳು ನಾನು ಮಾಡಿದ್ದೆಲ್ಲವೂ ತಪ್ಪೇ. ಉಗ್ರಾಣಕ್ಕೆ ಬೀಗ ಹಾಕಿದೆ, ಬಾಳೆಗೊನೆಯ ಹಣ್ಣು ಎಣಿಸಿಟ್ಟೆ, ಅವಳ ತವರಿಗೂ ಸುದ್ದಿ ಮುಟ್ಟಿಸಿದೆ. ನಾವು ಒಬ್ಬರನ್ನೊಬ್ಬರು ಮುಟ್ಟುವುದು ನಿಂತುಹೋಗಿತ್ತು. ಅದನ್ನು ಅವಳ ತಾತ್ಸಾರವೆಂದು ತಿಳಿದು ಮನಸ್ಸಿನಲ್ಲೇ ಲೆಕ್ಕವಿಟ್ಟೆ. ಒಂದು ರಾತ್ರಿ ಬಚ್ಚಲಿನ ಹೊರಗೆ ಟಾರ್ಚ್ ಹಿಡಿದು ನಿಂತಿದ್ದಾಗ ಬಾಗಿಲು ತೆರೆದು ಬಂದಳು. ಬಲಗೈಯ ಬೆರಳಿನ ಗೆಣ್ಣುಗಳ ಮೇಲೆ ಹಲ್ಲು ತಾಗಿ ತಾಗಿ ಗಟ್ಟಿಯಾದ ಕಲೆಗಳನ್ನು ನಾನು ಸರಿಯಾಗಿ ನೋಡಿದ್ದು ಆ ಬೆಳಕಿನಲ್ಲಿ. "ನೀವು ಹೀಗೆ ಕಾವಲು ನಿಂತರೆ ನಾನು ಕಳ್ಳಿಯೇ ಆಗಿಬಿಡುತ್ತೇನೆ," ಎಂದಷ್ಟೇ ಹೇಳಿ ಒಳಗೆ ಹೋದಳು. ಮರುದಿನ ಉಗ್ರಾಣದ ಬೀಗ ತೆಗೆದೆ.

ಅನಂತರ ಮಂಗಳೂರಿನಲ್ಲಿಯೇ ಮನೋವೈದ್ಯರನ್ನು ಕಂಡೆವು. ಈ ಕಾಯಿಲೆಯನ್ನು ಲಂಡನ್ನಿನ ಜೆರಾಲ್ಡ್ ರಸೆಲ್ ಎಂಬ ವೈದ್ಯರು 1979ರಲ್ಲಿ ವಿವರಿಸಿ ಹೆಸರಿಟ್ಟರೆಂದೂ, ಗೆಣ್ಣಿನ ಮೇಲಿನ ಆ ಕಲೆಗೆ ರಸೆಲ್ ಅವರ ಹೆಸರೇ ಇದೆಯೆಂದೂ ಮನೋವೈದ್ಯರಿಂದ ತಿಳಿಯಿತು. ನನ್ನ ಕಣ್ಣು ತೆರೆಸಿದ್ದು ಅವರು ಹೇಳಿದ ಇನ್ನೊಂದು ವಿಷಯ. 1944–45ರಲ್ಲಿ ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದಲ್ಲಿ ಆರೋಗ್ಯವಂತರಾದ 36 ಯುವಕರಿಗೆ ಆರು ತಿಂಗಳ ಕಾಲ ಅರೆಹೊಟ್ಟೆಯ ಊಟ ಕೊಟ್ಟು ನೋಡಿದಾಗ, ಅವರು ಸಿಡುಕರಾದರು, ಸ್ನೇಹಿತರಿಂದ ದೂರ ಸರಿದರು, ಕಾಮಾಸಕ್ತಿ ಕಳೆದುಕೊಂಡರು, ದಿನವಿಡೀ ಊಟದ ಯೋಚನೆಯಲ್ಲೇ ಮುಳುಗಿದರು. ಮತ್ತೆ ಊಟ ಸಿಕ್ಕಿದಾಗ ಕೆಲವರು ಮಿತಿಮೀರಿ ತಿಂದರು. ನಾನು ಮೂರು ವರ್ಷ ಹೆಂಡತಿಯ ಸ್ವಭಾವದ ಮೇಲೆ ಹೊರಿಸಿದ್ದ ದೂರುಗಳೆಲ್ಲ ಹಸಿವಿನ ಲಕ್ಷಣಗಳಾಗಿದ್ದವು. ಮರಳುವಾಗ ಬಸ್ಸಿನಲ್ಲಿ ಅವಳ ಮುಖ ನೋಡಲು ನನ್ನಿಂದಾಗಲಿಲ್ಲ.

ರಕ್ತಪರೀಕ್ಷೆಯಲ್ಲಿ ಪೊಟ್ಯಾಸಿಯಂ ಕಡಿಮೆ ಬಂದಿತ್ತು. ಅದು ತೀರ ಇಳಿದರೆ ಹೃದಯದ ಬಡಿತವೇ ತಪ್ಪಬಹುದಾದ್ದರಿಂದ ಮೊದಲು ಅದನ್ನು ಸರಿಪಡಿಸಿದರು. ಫ್ಲೂವಾಕ್ಸೆಟೀನ್ ಎಂಬ ಖಿನ್ನತೆ ನಿವಾರಕ ಮಾತ್ರೆ ಮತ್ತು ವಾರಕ್ಕೊಮ್ಮೆ ಆಪ್ತಸಮಾಲೋಚನೆ ಜತೆಯಲ್ಲೇ ನಡೆದವು. ಮನೆಯವರಿಗೆ ಕೊಟ್ಟ ಕೆಲಸ ಕೇಳಲು ಸಣ್ಣದು: ದಿನಕ್ಕೆ ಮೂರು ಊಟ, ನಡುವೆ ಎರಡು ಬಾರಿ ತಿಂಡಿ, ನಾಲ್ಕು ಗಂಟೆಗಿಂತ ಹೆಚ್ಚು ಹೊಟ್ಟೆ ಖಾಲಿ ಇರಬಾರದು, ಮತ್ತು ಎಲ್ಲರೂ ಒಟ್ಟಿಗೆ ಕುಳಿತು ಉಣ್ಣಬೇಕು.

ಕೊನೆಯದೇ ಅತ್ಯಂತ ಕಷ್ಟದ್ದಾಯಿತು. "ನಾನು ಈ ಮನೆಗೆ ಕಾಲಿಟ್ಟ ಮೇಲೆ ಗಂಡಸರ ಜತೆ ಕುಳಿತು ಉಂಡದ್ದಿಲ್ಲ ಮಗಾ," ಎಂದು ಅಮ್ಮ ನೊಂದುಕೊಂಡರು. ನಾನು ವಾದ ಮಾಡಲಿಲ್ಲ. ಗಂಜಿ, ಚಟ್ನಿ, ಪಲ್ಯಗಳ ಪಾತ್ರೆಗಳನ್ನೆಲ್ಲ ಜಗಲಿಗೆ ತಂದಿಟ್ಟು, ಮಣೆಗಳನ್ನು ಸುತ್ತ ಹಾಕಿ, ಬೇಕಾದವರು ಬೇಕಾದಷ್ಟು ಬಡಿಸಿಕೊಳ್ಳುವಂತೆ ಮಾಡಿದೆ. ಹತ್ತು ಹನ್ನೆರಡು ದಿನ ಅಮ್ಮ ಅಡುಗೆಮನೆಯ ಬಾಗಿಲಲ್ಲೇ ನಿಂತಿದ್ದು, ಒಂದು ದಿನ ಏನೂ ಹೇಳದೆ ತಮ್ಮ ಬಟ್ಟಲು ಹಿಡಿದುಕೊಂಡು ಬಂದು ಸೊಸೆಯ ಪಕ್ಕ ಕುಳಿತರು.

ಉಂಡ ಮೇಲಿನ ಒಂದು ಗಂಟೆಯೇ ಅವಳಿಗೆ ಅತಿ ಕಠಿಣವಾದದ್ದು. ಆ ಹೊತ್ತಿಗೆ ಇಬ್ಬರೂ ಜಗಲಿಯಲ್ಲಿ ಅಡಿಕೆ ಸುಲಿಯಲು ಕೂರುತ್ತೇವೆ. ಊಟದ ಮಾತು, ಮೈಯ ಮಾತು ಎತ್ತುವುದಿಲ್ಲ. ಮಗಳೂ ಕನ್ನಡಿಯೆದುರು ಹೊಟ್ಟೆ ಒಳಗೆಳೆದು ನಿಲ್ಲುವುದನ್ನು ಕಂಡ ದಿನದಿಂದ "ಸಪೂರ", "ತೋರ" ಎಂಬ ಮಾತುಗಳನ್ನು ಮನೆಯೊಳಗೆ ನಿಲ್ಲಿಸಿದ್ದೇವೆ. ನೆಂಟರು ಆಡಿದರೆ ನಾನೇ ಮಾತು ಬದಲಿಸುತ್ತೇನೆ.

ಈಗ ಎರಡು ವರ್ಷವಾಯಿತು. ಕಾಯಿಲೆ ಪೂರ್ತಿ ಹೋಗಿಲ್ಲ, ಕಳೆದ ತಿಂಗಳು ಎರಡು ರಾತ್ರಿ ಮರುಕಳಿಸಿತು. ಎರಡೂ ಸಲ ಬೆಳಗ್ಗೆ ಅವಳೇ ಹೇಳಿದಳು, ನಾನು ಯಾಕೆಂದು ಕೇಳಲಿಲ್ಲ. ಮೊನ್ನೆ ನೀರ್ಚಾಲಿನಲ್ಲಿ ಸಂಬಂಧಿಕರ ಮನೆಯ ಉಪನಯನದ ಊಟಕ್ಕೆ ಹೋಗಿದ್ದೆವು. ಎರಡನೆಯ ಬಾರಿ ಪಾಯಸ ತಂದವರಿಗೆ ಸಾಕೆಂದು ಕೈ ಅಡ್ಡ ಹಿಡಿದು, ಕೈ ತೊಳೆದ ಮೇಲೆ ನನ್ನ ಬಳಿ ಬಂದು, "ಇವತ್ತು ಸ್ವಲ್ಪ ಕಷ್ಟ ಇದೆ, ತೋಟದ ಕಡೆ ನಡೆದು ಬರುವನಾ?" ಎಂದಳು. ಕೆರೆಯ ದಂಡೆಯವರೆಗೆ ಹೋಗಿ, ಬಿಸಿಲು ಇಳಿಯುವವರೆಗೂ ಅಲ್ಲೇ ಕುಳಿತಿದ್ದೆವು.