ಟ್ರ್ಯಾಕ್ ಡೇ ಟೈರ್: ಗಾಳಿಯ ಲೆಕ್ಕ ಸರಿಹೋದದ್ದು ಹೀಗೆ

ಟ್ರ್ಯಾಕ್ ಡೇ ಎಂದರೆ ಸ್ವಂತ ಕಾರನ್ನು ರೇಸ್ ಟ್ರ್ಯಾಕಿನಲ್ಲಿ ಓಡಿಸುವ ದಿನ. ಚಿಕ್ಕಮಗಳೂರು ಸುಮಾರು 1,090 ಮೀಟರ್ ಎತ್ತರದಲ್ಲಿದೆ. ಇಲ್ಲಿ 33 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಹಾಕಿಸಿದ ಟೈರ್, ಚೆನ್ನೈ ಹತ್ತಿರದ ಇರುಂಗಾಟ್ಟುಕೋಟೈ ಟ್ರ್ಯಾಕಿನಲ್ಲಿ, ತಗ್ಗಿನಲ್ಲಿ ಹೊರಗಿನ ಗಾಳಿಯ ಒತ್ತಡ ಜಾಸ್ತಿ ಇರುವುದರಿಂದ, ಸುಮಾರು 1.7ರಷ್ಟು ಕಡಿಮೆ ತೋರಿಸಬೇಕು. ಆದರೆ ಅಲ್ಲಿನ ಸೆಕೆ ಅದನ್ನು ಮುಚ್ಚಿಹಾಕುತ್ತದೆ. 10 ಡಿಗ್ರಿ ಸೆಲ್ಸಿಯಸ್ ಬಿಸಿಗೆ ಸುಮಾರು ಒಂದೂವರೆ ಪಿಎಸ್‌ಐ ಏರುತ್ತದೆ. ಹಾಗಾಗಿ ಊರಿನ ಬಂಕ್ ಗೇಜ್ ನಂಬದೆ, ಟ್ರ್ಯಾಕಿನಲ್ಲೇ ಬೆಳಿಗ್ಗೆ ನೆರಳಿನಲ್ಲಿ, ಸ್ವಂತ ಗೇಜಿನಿಂದ 31ಕ್ಕೆ ಇಳಿಸಿದೆ.

ಮುಂದಿನ ಟೈರುಗಳ ಅಂಚಿನ ಮೇಲೆ, ಪಕ್ಕದ ಗೋಡೆಯವರೆಗೂ ಸೀಮೆಸುಣ್ಣದ ಗೆರೆ ಎಳೆಯಿರಿ. ನಾಲ್ಕು ಲ್ಯಾಪ್ ಆದ ಕೂಡಲೇ ನೋಡಿ: ಗೋಡೆಯ ಪುಟ್ಟ ತ್ರಿಕೋನ ಗುರುತು ದಾಟಿ ಅಳಿಸಿದ್ದರೆ ಗಾಳಿ ಕಡಿಮೆ, ಅಳಿಸಿದ್ದು ಆ ಗುರುತು ಮುಟ್ಟದೆ ಅಂಚಿನಲ್ಲೇ ನಿಂತಿದ್ದರೆ ಜಾಸ್ತಿ. ನನ್ನ ಬಿಸಿ ಟೈರಿಗೆ ಗೇಜ್ 40 ತೋರಿಸಿ, ತಿರುವಿನಲ್ಲಿ ಕಾರಿನ ಮೂತಿ ಹೊರಗೆ ಜಾರುತ್ತಿತ್ತು. ಬಿಸಿಯಲ್ಲೇ ಗಾಳಿ ಬಿಟ್ಟು 36ಕ್ಕೆ ಇಳಿಸಿದ ಮೇಲೆ ಹಿಡಿತ ಬಂತು.

ಎಸ್ಟೇಟ್ ರಸ್ತೆಯ ಕಲ್ಲು ಸೀಳಿದ ಗೋಡೆಯಿದ್ದರೆ ಆ ಟೈರ್ ಬೇಡವೇ ಬೇಡ. ವಾಪಸ್ ಹೊರಡುವ ಮುನ್ನ, ಆರಿದ ಮೇಲೆ, ಬಾಗಿಲ ಸ್ಟಿಕ್ಕರಿನ ಅಳತೆಗೆ ಗಾಳಿ ತುಂಬಿಸಿ.